ಕ್ಯಾಮೆರಾಕ್ಕೆ ದೃಷ್ಟಿ ಬಂದ ಬಗೆ

ಮದುವೆ ಚಪ್ಪರದಲ್ಲಿ ಫೋಟೋದವನು ಲೆನ್ಸಿನ ಬಳೆಯನ್ನು ಅತ್ತಿತ್ತ ತಿರುಗಿಸುತ್ತ, "ಸ್ವಲ್ಪ ಹಾಗೇ ನಿಲ್ಲಿ" ಎನ್ನುತ್ತಿದ್ದ ಕಾಲ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಆ ಕೆಲಸವನ್ನು ಯಂತ್ರ ಕಲಿತದ್ದು ಹೇಗೆ?

ಜಪಾನಿನ ಕೊನಿಕಾ ಸಂಸ್ಥೆ 1977ರಲ್ಲಿ ಸಿ-35 ಎಎಫ್ ಎಂಬ ಪುಟ್ಟ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ದೂರ ಅಳೆಯುತ್ತಿದ್ದ ಭಾಗ ಅಮೆರಿಕದ ಹನಿವೆಲ್ ಕಂಪನಿಯದು. ಮರುವರ್ಷ ಪೋಲರಾಯ್ಡ್ ಬಾವಲಿಯ ದಾರಿ ಹಿಡಿಯಿತು. (ನಮ್ಮ ಬಾವಲಿ ನಿಮ್ಮ ನೆರೆಮನೆಯಲ್ಲಿ ವವ್ವಾಲ್, ಗಬ್ಬಿಲಂ ಇಲ್ಲವೇ ವಟವಾಘೂಳ.) ಕಿವಿಗೆ ಕೇಳದ ಶಬ್ದವನ್ನು ಹೊರಡಿಸಿ, ಅದು ಮರಳಿ ಬರಲು ಹಿಡಿದ ಹೊತ್ತಿನಿಂದ ಅದು ದೂರವನ್ನು ಲೆಕ್ಕ ಹಾಕುತ್ತಿತ್ತು. ಕತ್ತಲಲ್ಲೂ ಸೈ. ಆದರೆ ಕಿಟಕಿ ಗಾಜಿನಾಚೆ ನಿಂತ ಮಗುವಿನ ಚಿತ್ರ ತೆಗೆಯಹೋದರೆ ಗಾಜಿಗೇ ಫೋಕಸ್!

1985ರಲ್ಲಿ ಬಂದ ಮಿನೋಲ್ಟಾ 7000 ವೃತ್ತಿನಿರತರನ್ನೂ ಬೆರಗುಗೊಳಿಸಿತು. ಅದು ಗೆದ್ದದ್ದೇ ತಡ, 'ಈ ವಿದ್ಯೆ ನಮ್ಮದು' ಎಂದು ಹನಿವೆಲ್ ಕೋರ್ಟಿಗೆ ಹೋಯಿತು. 1992ರಲ್ಲಿ ಅಮೆರಿಕದ ಜ್ಯೂರಿ ಹನಿವೆಲ್ ಪರ ನಿಂತಿತು. ಮಿನೋಲ್ಟಾ 12 ಕೋಟಿ ಡಾಲರಿಗೂ ಹೆಚ್ಚು ತೆರಬೇಕಾಯಿತು. ಬೀಜ ಒಬ್ಬರದು, ಬೆಳೆ ತೆಗೆದವರು ಇನ್ನೊಬ್ಬರು. ದಂಡ ಭಾರಿಯೇ ಆಯಿತೆಂದು ನನಗೆ ತೋರುತ್ತದೆ.

ಆ ವಿದ್ಯೆ ಏನು? ಮೂಗಿನ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಬೆರಳು ಜಿಗಿಯುತ್ತದೆ. ಹಾಗೆಯೇ ಲೆನ್ಸಿನ ಎರಡು ಬದಿಯಿಂದ ಬಂದ ಬೆಳಕು ಎರಡು ಬಿಂಬ ಮೂಡಿಸುತ್ತದೆ. ಅವುಗಳ ನಡುವಿನ ಅಂತರ ಕಂಡರೆ ಲೆನ್ಸ್ ಯಾವ ಕಡೆ, ಎಷ್ಟು ಸರಿಯಬೇಕೆಂಬುದು ಒಮ್ಮೆಲೇ ತಿಳಿಯುತ್ತದೆ. ಈ ಬೆಳಕನ್ನು ಕ್ಯಾಮೆರಾದ ತಳಕ್ಕೆ ಇಳಿಸುತ್ತಿದ್ದುದು ಒಳಗಿನ ಕನ್ನಡಿ.

2008ರಲ್ಲಿ ಪ್ಯಾನಸೋನಿಕ್ ತನ್ನ ಜಿ-1 ಕ್ಯಾಮೆರಾದಿಂದ ಆ ಕನ್ನಡಿಯನ್ನೇ ತೆಗೆದುಹಾಕಿತು. ಕ್ಯಾಮೆರಾ ಹಗುರಾಯಿತು, ತಳದ ಕಣ್ಣು ಹೋಯಿತು. ಆಗ ಉಳಿದದ್ದು ಹಳೆಯ ರೇಡಿಯೋದಲ್ಲಿ ಸ್ಟೇಷನ್ ಹುಡುಕುವ ಉಪಾಯ: ತಿರುಗಿಸುತ್ತ ಹೋಗಿ, ಸ್ಪಷ್ಟತೆ ತಗ್ಗಿದೊಡನೆ ಹಿಂದಕ್ಕೆ ಬರುವುದು. ನಿಂತವರಿಗೆ ಸರಿ, ಓಡುವ ಕರುವಿಗೆ ಸಾಲದು.

ಪರಿಹಾರ ಸಿಕ್ಕಿದ್ದು ಚಿತ್ರ ಹಿಡಿಯುವ ಸೆನ್ಸರಿನಲ್ಲೇ. 2010ರಲ್ಲಿ ಫ್ಯೂಜಿಫಿಲ್ಮ್ ಅದರ ಕೆಲವು ಬಿಂದುಗಳಿಗೆ ಅರ್ಧ ಮರೆ ಕಟ್ಟಿತು. ಕೆಲವು ಎಡಬದಿಯ ಬೆಳಕನ್ನೂ ಕೆಲವು ಬಲಬದಿಯದನ್ನೂ ಕಂಡವು. 2013ರಲ್ಲಿ ಕ್ಯಾನನ್ ಒಂದೊಂದು ಬಿಂದುವನ್ನೂ ಎರಡಾಗಿ ಸೀಳಿತು. ಈಗಿನ ಕ್ಯಾಮೆರಾ ಮುಖದಲ್ಲಿ ಕಣ್ಣನ್ನೇ ಹುಡುಕಿ ಹಿಡಿಯುತ್ತದೆ. ಆದರೂ ಸುಣ್ಣ ಬಳಿದ ಬರಿಗೋಡೆಯ ಮುಂದೆ ಒಡ್ಡಿ ನೋಡಿ: ಹಿಡಿಯಲು ಒಂದು ಗೆರೆಯೂ ಇಲ್ಲದೆ ಅದು ಇನ್ನೂ ತಡವರಿಸುತ್ತದೆ.