ಆದವಾನಿ ಹತ್ತಿ ಮತ್ತು ಜೇನಿನ ಲೆಕ್ಕ

ಆದವಾನಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾನು ಕ್ಲಸ್ಟರಿಂಗ್ ಬಂದಾಗ ಹತ್ತಿಯಿಂದಲೇ ಶುರು ಮಾಡುತ್ತೇನೆ. ಒಂದೇ ಜಾತಿಯದನ್ನು ಒಂದು ಕಡೆ ಸೇರಿಸುವ ಕೆಲಸ ಈ ಊರಿಗೆ ಹೊಸದಲ್ಲ.

ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ವ್ಯಾಪಾರಿಗಳು ಸೀಮೆ ನೋಡಿ ಹತ್ತಿಗೆ ಹೆಸರಿಟ್ಟಿದ್ದರು. ಬಳ್ಳಾರಿ, ಅನಂತಪುರದ ಕಡೆಯದು ‘ವೆಸ್ಟರ್ನ್ಸ್’, ನಂದ್ಯಾಲದ ಕಡೆಯದು ‘ನಾರ್ದರ್ನ್ಸ್’. ಆದವಾನಿ ಆಗ ಬಳ್ಳಾರಿ ಜಿಲ್ಲೆಯ ತಾಲೂಕು. 1953ರ ಅಕ್ಟೋಬರ್ 1ರಂದು ಆಲೂರು, ರಾಯದುರ್ಗಗಳ ಜೊತೆ ಆಂಧ್ರಕ್ಕೆ ಸೇರಿತು. ‘ವೆಸ್ಟರ್ನ್ಸ್’ ಅಂದರೆ ಬೆಳೆದ ಸೀಮೆ ಗೊತ್ತಾಗುತ್ತಿತ್ತು, ಒಂದೊಂದು ಅಂಡಿಗೆಯ ಗುಣ ಗೊತ್ತಾಗಬೇಕಾದರೆ ಕೈಯೇ ಬೇಕು. ಜಿನ್ನಿಂಗ್ ಫ್ಯಾಕ್ಟರಿಯಲ್ಲಿದ್ದ ನಮ್ಮಪ್ಪ ಅಂಡಿಗೆಯೊಳಗೆ ಮೊಣಕೈವರೆಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಿದ್ದರು. ಬೀಜ ಬಿಡಿಸಿ, ಎರಡೂ ಕೈಯ ಹೆಬ್ಬೆರಳು ತೋರುಬೆರಳಿನ ನಡುವೆ ಎಳೆಯುವುದು, ಮಡಿಸುವುದು, ಮತ್ತೆ ಎಳೆಯುವುದು. ಎಳೆಗಳೆಲ್ಲ ಒಂದೇ ಸಮ ಮಲಗಿದ ಮೇಲೆ ಕಪ್ಪು ಬಟ್ಟೆಯ ಮೇಲಿಟ್ಟು ಉದ್ದ ಹೇಳುತ್ತಿದ್ದರು.

1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರ್ಕಿ ಅವರ ‘ವರಲಕ್ಷ್ಮಿ’ ಹೈಬ್ರಿಡ್ ಬಂತು. ಅಂಥ ಉದ್ದ ಎಳೆಯ ತಳಿಗಳು ಹಬ್ಬಿದ ಮೇಲೆ ಸೀಮೆಯ ಹೆಸರಿಗೆ ಬೆಲೆ ಉಳಿಯಲಿಲ್ಲ. ಈಗ ಬೆಂಬಲ ಬೆಲೆಗೆ ಮಧ್ಯಮ ಎಳೆ 24.5ರಿಂದ 25.5 ಮಿ.ಮೀ., ಉದ್ದ ಎಳೆ 29.5ರಿಂದ 30.5 ಮಿ.ಮೀ.; ಜೊತೆಗೆ ಎಳೆಯ ನಯ ಹೇಳುವ ಮೈಕ್ರೊನೇರ್.

ಇದೇ ವಿಂಗಡಣೆಯನ್ನು ಯಂತ್ರದಿಂದ ಮಾಡಿಸುವ ಹಳೆಯ ದಾರಿ ಕೆ-ಮೀನ್ಸ್. ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಲಾಯ್ಡ್ 1957ರಲ್ಲಿ ರೂಪಿಸಿದ್ದು, 1967ರಲ್ಲಿ ಮ್ಯಾಕ್‌ಕ್ವೀನ್ ಹೆಸರಿಟ್ಟದ್ದು. ಗುಂಪಿಗೊಂದು ಕೇಂದ್ರ ಇಟ್ಟು, ಹತ್ತಿರದ್ದನ್ನು ಅದಕ್ಕೆ ಸೇರಿಸಿ, ಸರಾಸರಿ ತೆಗೆದು ಕೇಂದ್ರವನ್ನು ಸರಿಸುತ್ತಾ ಹೋಗುತ್ತದೆ. ಮೊದಲ ಕೇಂದ್ರಗಳು ಕೆಟ್ಟ ಜಾಗಕ್ಕೆ ಬಿದ್ದರೆ ಕೆಟ್ಟ ಗುಂಪಿನಲ್ಲೇ ನಿಂತುಬಿಡುತ್ತದೆ.

ಈ ತೊಡಕಿಗೆ ಒಂದು ಮದ್ದು ಜೇನಿನಿಂದ ಬಂತು. ಮೇವಿನ ದಿಕ್ಕು, ದೂರಗಳನ್ನು ಜೇನ್ನೊಣ ಕುಣಿದು ತಿಳಿಸುತ್ತದೆ ಎಂದು ತೋರಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಸಿಕ್ಕಿತು. 2005ರಲ್ಲಿ ಟರ್ಕಿಯ ಎರ್ಜಿಯೆಸ್ ವಿಶ್ವವಿದ್ಯಾಲಯದ ದೆರ್ವಿಶ್ ಕರಬೊಗಾ ಜೇನು ಮೇವು ಹುಡುಕುವ ಬಗೆಯನ್ನೇ ಲೆಕ್ಕದ ವಿಧಾನ ಮಾಡಿದರು. 2011ರಲ್ಲಿ ಜೆಲಾಲ್ ಓಜ್‌ತುರ್ಕ್ ಜೊತೆ ಸೇರಿ 13 ದತ್ತಾಂಶ ಸಂಗ್ರಹಗಳ ಮೇಲೆ ಕ್ಲಸ್ಟರಿಂಗ್‌ಗೆ ಹಚ್ಚಿ ನೋಡಿದರು. ಇಲ್ಲಿ ಕೇಂದ್ರಗಳ ಒಂದೊಂದು ಜೋಡಣೆಯೂ ಒಂದು ಹೂವು. ಗುಂಪಿನೊಳಗಿನ ದೂರ ಕಡಿಮೆಯಾದಷ್ಟೂ ಮಕರಂದ ಹೆಚ್ಚು. ಕೆಲಸದ ನೊಣಗಳು ತಮ್ಮ ಹೂವಿನ ಆಸುಪಾಸು ತಡಕುತ್ತವೆ. ಗೂಡಿನಲ್ಲಿ ನೋಡುತ್ತಿರುವವು ಮಕರಂದ ಹೆಚ್ಚಿದ ಕಡೆಗೇ ಹೆಚ್ಚಾಗಿ ಹಾರುತ್ತವೆ. ಗೊತ್ತುಮಾಡಿದಷ್ಟು ಸಲ ಹುಡುಕಿಯೂ ಸುಧಾರಿಸದ ಹೂವನ್ನು ಬಿಟ್ಟು ನೊಣ ಎಲ್ಲೋ ಹೊಸ ಕಡೆಗೆ ಹೊರಡಬೇಕು. ಇಡೀ ವಿಧಾನದಲ್ಲಿ ನನಗೆ ಅತಿ ಪ್ರಿಯವಾದದ್ದು ಈ ಬಿಟ್ಟುಹೋಗುವ ನಿಯಮ. ಹತ್ತಿಪೇಟೆಗೆ ಸೀಮೆಯ ಹೆಸರು ಬಿಡಲು ತಲೆಮಾರುಗಳೇ ಬೇಕಾದವು.

ಉದ್ದ, ಮೈಕ್ರೊನೇರ್ ಎರಡೇ ಇದ್ದರೆ ಕೆ-ಮೀನ್ಸ್ ಸಾಕು ಎನ್ನುತ್ತೇನೆ ಮಕ್ಕಳಿಗೆ. ಜೇನಿನ ವಿಧಾನಕ್ಕೆ ಹೊತ್ತು ಹೆಚ್ಚು ಹಿಡಿಯುತ್ತದೆ. ಎಳೆಯ ಬಲ, ಬಣ್ಣ, ಕಸ ಎಲ್ಲ ಸೇರಿ, ಪ್ರತಿ ಸಲವೂ ಬೇರೆ ಬೇರೆ ಉತ್ತರ ಬರತೊಡಗಿದಾಗ ಜೇನನ್ನು ಹಾರಬಿಡಿ.