ಜೋನಿ ಬೆಲ್ಲ, ಇರುವೆ ಮತ್ತೆ ಬಿಳಿ ಪುಡಿ

ಆಲೆಮನೆ ಮುಗಿದು ಜೋನಿ ಬೆಲ್ಲ ಮನೆಗೆ ಬಂದ ಮೇಲೆ ಇರುವೆಗೆ ಬೇರೆ ಹೇಳಿಕೆ ಬೇಕಾ? ನಮ್ಮ ತ್ಯಾಗಲಿ ಬದಿಯ ಹಳೇ ಮನೆಗಳಲ್ಲಿ ಇದಕ್ಕೆ ಇದ್ದ ಉಪಾಯ ಎರಡೇ. ಸಣ್ಣ ಪಾತ್ರೆ ಆದ್ರೆ ನೆಲುವಿಗೆ ಹಾಕದು, ದೊಡ್ಡ ಭರಣಿ ಆದ್ರೆ ನೀರು ತುಂಬಿದ ತಾಟಿನ ನಡುವೆ ಇಡದು. "ಕೊಲ್ಲದು ಎಂತಕೆ, ದಾರಿ ತಪ್ಸಿದ್ರೆ ಸಾಕು" ಹೇಳಿ ಅಮ್ಮಮ್ಮ ಹೇಳ್ತಿತ್ತು.

ಕೊಲ್ಲುವ ಪುಡಿ ಬಂದದ್ದು ಇರುವೆಗಾಗಿ ಅಲ್ಲ, ಸೊಳ್ಳೆಗಾಗಿ. ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. 1946ರಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅವರ ತಂಡ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಮನೆಗಳ ಗೋಡೆಗೆ ಡಿಡಿಟಿ ಹೊಡೆಸಿತು. ಮಲೇರಿಯಾ ಇಳಿಯಿತು. ಅದನ್ನ ಸಣ್ಣ ಕೆಲಸ ಹೇಳಲೆ ಆಗ್ತಿಲ್ಲೆ. ಚಳಿಜ್ವರಕ್ಕೆ ಮನೆಗಳೇ ಪಾಳು ಬಿದ್ದ ಸೀಮೆ ಇದು. 1953ರಲ್ಲಿ ದೇಶಕ್ಕೆಲ್ಲ ಅದೇ ಕ್ರಮ ಬಂತು.

ಆದ್ರೆ "ಪುಡಿ ಹಾಕಿದ್ರೆ ಹುಳ ಸಾಯ್ತು" ಹೇಳುವ ನಂಬಿಕೆ ಗೋಡೆಯಿಂದ ಅಡುಗೆಮನೆಗೂ ಇಳಿಯಿತು. ಗದ್ದೆಗೆ ತಂದ ಬಿಎಚ್‌ಸಿ, ಅಂದ್ರೆ ಎಲ್ಲರ ಬಾಯಲ್ಲಿ ಗ್ಯಾಮಾಕ್ಸಿನ್, ಬೆಲ್ಲದ ಡಬ್ಬಿ ಸುತ್ತ ಗೆರೆಯಾಗಿ ಬಿತ್ತು. ಮಕ್ಕ ಬೆರಳು ನೆಕ್ಕುವ ಜಾಗದಲ್ಲಿ! ಮಣ್ಣಲ್ಲಿ, ಮೈ ಕೊಬ್ಬಲ್ಲಿ ವರ್ಷಗಟ್ಟಲೆ ಉಳಿಯುವ ವಿಷ ಅದು. 1997ರಲ್ಲಿ ಸರ್ಕಾರ ಅದನ್ನ ನಿಷೇಧಿಸಿತು. ಸೀಮೆಸುಣ್ಣದ ಲಕ್ಷ್ಮಣರೇಖೆಯೂ ಬಂತು, ಅದೂ ವಿಷವೇ.

ನಮ್ಮನೆ ಭರಣಿ ಈಗ್ಲೂ ತಾಟಲ್ಲೇ ಇದ್ದು. ನೀರು ಮಾತ್ರ ದಿನಾ ಬದಲಿಸವು. ಧೂಳು ಕೆನೆ ಕಟ್ಟಿದ್ರೆ ಇರುವೆ ಅದರ ಮೇಲೇ ನಡ್ಕಂಡು ಬತ್ತು.