ಕಂಪೈಲರ್ ಹತ್ತು ಎರರ್ ತೋರಿಸಿದರೆ ಹತ್ತು ತಪ್ಪಾಗಿದೆ ಎಂದರ್ಥವೇ?

ಸಿ ಭಾಷೆ ಕಲಿಯಲು ಶುರುಮಾಡಿದ ಮೊದಲ ಕೆಲವು ವಾರಗಳಲ್ಲೇ ಎಷ್ಟೋ ವಿದ್ಯಾರ್ಥಿಗಳು ‘ನನಗೆ ಕೋಡಿಂಗ್ ಬರೋದಿಲ್ಲ’ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಪುಸ್ತಕ ನೋಡಿಕೊಂಡು ಹದಿನೈದು ಸಾಲಿನ ಪ್ರೋಗ್ರಾಮ್ ಟೈಪ್ ಮಾಡಿ ಕಂಪೈಲ್ ಕೊಟ್ಟರೆ ತೆರೆಯ ತುಂಬ ಎರರ್. ಬರೆದದ್ದೇ ಹದಿನೈದು ಸಾಲು, ಅದರಲ್ಲಿ ಹತ್ತು ತಪ್ಪು ಎಂದರೆ ಯಾರಿಗಾದರೂ ಉತ್ಸಾಹ ಉಡುಗುತ್ತದೆ. ಹೈಸ್ಕೂಲಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾಕ್ಕೆ ಸೇರಿದವರಿಗಂತೂ ಆ ಸಂದೇಶಗಳ ಇಂಗ್ಲಿಷ್ ಇನ್ನೊಂದು ಹೊರೆ.

ವಾಸ್ತವದಲ್ಲಿ ಎರರ್‌ಗಳ ಸಂಖ್ಯೆಗೂ ತಪ್ಪುಗಳ ಸಂಖ್ಯೆಗೂ ನೇರ ಸಂಬಂಧವಿಲ್ಲ. ಕಂಪೈಲರ್ ತೋರಿಸುವ ಸಾಲಿನಲ್ಲೇ ತಪ್ಪಿರಬೇಕು ಎಂದೂ ಇಲ್ಲ. ತಾನು ಎಲ್ಲಿ ಮುಗ್ಗರಿಸಿದೆ ಎಂಬುದನ್ನಷ್ಟೇ ಕಂಪೈಲರ್ ಹೇಳಬಲ್ಲದು. ನಾವು ಎಲ್ಲಿ ಎಡವಿದ್ದೇವೆ ಎಂಬುದು ಅದಕ್ಕೆ ಎಷ್ಟೋ ಸಲ ಗೊತ್ತಾಗುವುದಿಲ್ಲ. ಈ ವ್ಯತ್ಯಾಸ ಅರ್ಥವಾದರೆ ತೆರೆಯ ಮೇಲಿನ ಸಾಲುಗಳ ಭಯ ಸಾಕಷ್ಟು ಕಡಿಮೆಯಾಗುತ್ತದೆ. ಒಂದು ಉದಾಹರಣೆಯ ಮೂಲಕ ಇದನ್ನು ನೋಡೋಣ.

ಒಂದು ಸೆಮಿಕೋಲನ್, ಮೂರು ಎರರ್

ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ಅರ್ಥವಾಗುವ ಸೂಚನೆಗಳಾಗಿ ಬದಲಿಸುವ ತಂತ್ರಾಂಶವೇ ಕಂಪೈಲರ್. ಈ ಹೆಸರು ಬಳಕೆಗೆ ಬಂದದ್ದು ಗ್ರೇಸ್ ಹಾಪರ್ 1952ರಲ್ಲಿ ರೂಪಿಸಿದ ‘ಎ-0’ ವ್ಯವಸ್ಥೆಯ ಕಾಲದಲ್ಲಿ. ಇಂದು ಸಿ ಕಲಿಯುವವರಲ್ಲಿ ಹೆಚ್ಚಿನವರು ಬಳಸುವುದು 1987ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಹೊರತಂದ ಜಿಸಿಸಿ ಎಂಬ ಉಚಿತ ಕಂಪೈಲರನ್ನು. ನಮ್ಮ ಉದಾಹರಣೆಯೂ ಅದರದ್ದೇ.

ಐದು ವಿಷಯಗಳ ಅಂಕ ಪಡೆದು ಮೊತ್ತ ಹೇಳುವ ಪ್ರೋಗ್ರಾಮ್ ಇದೆ ಎಂದುಕೊಳ್ಳಿ. ಕೋಡ್ ಹಾಗೂ ಸಂದೇಶಗಳು ತೆರೆಯ ಮೇಲೆ ಇಂಗ್ಲಿಷಿನಲ್ಲಿರುತ್ತವೆ. ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಅದರ ಎರಡು ಸಾಲು ಹೀಗಿವೆ:

ಸಾಲು 5: ಇಂಟ್ ಟೋಟಲ್ = 0
ಸಾಲು 6: ಇಂಟ್ ಐ, ಮಾರ್ಕ್ಸ್[5];

ಐದನೆಯ ಸಾಲಿನ ಕೊನೆಗೆ ಸೆಮಿಕೋಲನ್ ಬಿಟ್ಟುಹೋಗಿದೆ. ತಪ್ಪು ಅದೊಂದೇ. ಆದರೆ ಜಿಸಿಸಿ ಹೇಳುವುದು ಇಷ್ಟು:

ಅಂಕ.ಸಿ:6:5: ಎರರ್: ಎಕ್ಸ್‌ಪೆಕ್ಟೆಡ್ ‘,’ ಆರ್ ‘;’ ಬಿಫೋರ್ ‘ಇಂಟ್’
ಅಂಕ.ಸಿ:7:10: ಎರರ್: ‘ಐ’ ಅನ್‌ಡಿಕ್ಲೇರ್ಡ್
ಅಂಕ.ಸಿ:8:22: ಎರರ್: ‘ಮಾರ್ಕ್ಸ್’ ಅನ್‌ಡಿಕ್ಲೇರ್ಡ್

ಪ್ರತಿ ಸಂದೇಶದ ಆರಂಭದಲ್ಲಿರುವುದು ಕಡತದ ಹೆಸರು, ಸಾಲಿನ ಸಂಖ್ಯೆ ಮತ್ತು ಆ ಸಾಲಿನಲ್ಲಿ ಎಷ್ಟನೆಯ ಅಕ್ಷರ ಎಂಬ ಸಂಖ್ಯೆ. ಮೊದಲ ಎರರ್ ಆರನೆಯ ಸಾಲಿನತ್ತ ಬೊಟ್ಟು ಮಾಡುತ್ತಿದೆ. ಆ ಸಾಲಿನಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗುವುದಿಲ್ಲ, ಏಕೆಂದರೆ ಅಲ್ಲಿ ತಪ್ಪಿಲ್ಲ. ಸಿ ಭಾಷೆಯಲ್ಲಿ ಹೊಸ ಸಾಲಿಗೆ ಹೋಗುವುದೂ ಒಂದು ಸ್ಪೇಸ್ ಬಿಡುವುದೂ ಕಂಪೈಲರ್ ಪಾಲಿಗೆ ಒಂದೇ. ಸೊನ್ನೆಯ ನಂತರ ಸಾಲು ಮುಗಿದದ್ದನ್ನು ಅದು ಲೆಕ್ಕಕ್ಕೇ ಇಟ್ಟುಕೊಳ್ಳದೆ ಮುಂದೆ ಓದುತ್ತದೆ. ‘ನಾನು ನಿನ್ನೆ ಊರಿಗೆ ಹೋದೆ ಅವಳು ಇಂದು ಬಂದಳು’ ಎಂಬ ವಾಕ್ಯ ಓದುವಾಗ ಪೂರ್ಣವಿರಾಮ ಬಿಟ್ಟುಹೋಗಿದೆ ಎಂದು ನಮಗೆ ಹೊಳೆಯುವುದು ‘ಅವಳು’ ಎಂಬಲ್ಲಿಗೆ ಬಂದಾಗ ತಾನೇ? ಇಲ್ಲಿಯೂ ಹಾಗೆಯೇ. ಆರನೆಯ ಸಾಲಿನ ‘ಇಂಟ್’ ಎದುರಾದಾಗಲೇ ಕಂಪೈಲರ್‌ಗೆ ಏನೋ ಕೈಬಿಟ್ಟಿದೆ ಎಂದು ತಿಳಿಯುವುದು.

ಇನ್ನೆರಡು ಎರರ್‌ಗಳ ಕತೆ ಇನ್ನೂ ವಿಚಿತ್ರ. ಐ ಮತ್ತು ಮಾರ್ಕ್ಸ್ ಎರಡನ್ನೂ ಘೋಷಿಸಿಯೇ ಇಲ್ಲ ಎನ್ನುತ್ತಿದೆ ಕಂಪೈಲರ್. ಆರನೆಯ ಸಾಲಿನಲ್ಲಿ ಕಣ್ಣೆದುರಿಗೇ ಇವೆಯಲ್ಲ! ಆಗಿರುವುದೇನೆಂದರೆ, ಗೊಂದಲಕ್ಕೆ ಬಿದ್ದ ಕಂಪೈಲರ್ ಚೇತರಿಸಿಕೊಳ್ಳಲು ಮುಂದಿನ ಸೆಮಿಕೋಲನ್ ಸಿಗುವವರೆಗಿನ ಭಾಗವನ್ನು ಬಿಟ್ಟು ಮುಂದೆ ಜಿಗಿದಿದೆ. ಹಾಗೆ ಜಿಗಿಯುವಾಗ ಆರನೆಯ ಸಾಲು ಪೂರ್ತಿ ಅದರ ಲೆಕ್ಕದಿಂದ ಹೊರಗುಳಿಯಿತು. ಓದದೇ ಬಿಟ್ಟ ಸಾಲಿನಲ್ಲಿ ಏನಿತ್ತೆಂದು ಅದಕ್ಕೆ ಗೊತ್ತಿಲ್ಲ. ಒಂದು ತಪ್ಪಿನಿಂದ ಹುಟ್ಟಿಕೊಳ್ಳುವ ಇಂತಹ ಸರಣಿ ಎರರ್‌ಗಳೇ ಹೊಸಬರನ್ನು ಹೆಚ್ಚು ದಾರಿ ತಪ್ಪಿಸುತ್ತವೆ.

ಸಂದೇಶವನ್ನು ನಂಬಿದ ವಿದ್ಯಾರ್ಥಿ ಏಳನೆಯ ಸಾಲಿನ ಮೇಲೆ ‘ಇಂಟ್ ಐ;’ ಎಂದು ಇನ್ನೊಮ್ಮೆ ಬರೆಯುತ್ತಾರೆ ಎಂದುಕೊಳ್ಳಿ. ಒಂದು ಎರರ್ ಕಡಿಮೆಯಾಗುತ್ತದೆ, ದಾರಿ ಸರಿಯಿದೆ ಎನಿಸುತ್ತದೆ. ಆಮೇಲೆ ಯಾವಾಗಲೋ ಐದನೆಯ ಸಾಲಿಗೆ ಸೆಮಿಕೋಲನ್ ಹಾಕಿದರೆ, ಐ ಎರಡು ಬಾರಿ ಘೋಷಣೆಯಾಗಿದೆ ಎಂಬ ಹೊಸ ಎರರ್ ಬರುತ್ತದೆ. ಸರಿಯಾದ ತಿದ್ದುಪಡಿಯೇ ತಪ್ಪಿನಂತೆ ಕಾಣುವ ಈ ಘಟ್ಟದಲ್ಲಿ ಹಲವರು ಸೆಮಿಕೋಲನ್ನನ್ನೇ ತೆಗೆದುಬಿಡುತ್ತಾರೆ. ಅರ್ಧ ಗಂಟೆಯ ನಂತರ ಕಡತ ಮೊದಲಿಗಿಂತ ಹದಗೆಟ್ಟಿರುತ್ತದೆ.

ಆದ್ದರಿಂದ ಪಟ್ಟಿಯ ತುದಿಗೆ ಹೋಗಿ ಮೊದಲ ಎರರ್ ಮಾತ್ರ ಓದಬೇಕು. ಅದು ತೋರಿಸುವ ಸಾಲನ್ನೂ ಅದರ ಹಿಂದಿನ ಸಾಲನ್ನೂ ನೋಡಬೇಕು. ಒಂದನ್ನು ತಿದ್ದಿ, ಉಳಿದದ್ದನ್ನು ಮುಟ್ಟದೆ, ಮತ್ತೆ ಕಂಪೈಲ್ ಮಾಡಬೇಕು. ಟರ್ಮಿನಲ್‌ನಲ್ಲಿ ಸಂದೇಶಗಳು ಓಡಿಹೋಗಿ ಕಣ್ಣಿಗೆ ಬೀಳುವುದು ಕೊನೆಯದ್ದೇ ಆದ್ದರಿಂದ ಮೇಲಕ್ಕೆ ಸರಿಸಿ ನೋಡುವ ಅಭ್ಯಾಸ ಬೇಕೇ ಬೇಕು.

ಹಿಂದಿನ ಸಾಲು ನೋಡಿದರೂ ಸಿಗದ ತಪ್ಪು ಒಂದಿದೆ: ಮುಚ್ಚದೇ ಬಿಟ್ಟ ಪುಷ್ಪಾವರಣ. ಹತ್ತನೆಯ ಸಾಲಿನಲ್ಲಿ ಮುಚ್ಚುವ } ಮರೆತರೆ ಎರರ್ ಬರುವುದು ಕಡತದ ಕೊನೆಯ ಸಾಲಿನಲ್ಲಿ, ‘ಅಟ್ ಎಂಡ್ ಆಫ್ ಇನ್‌ಪುಟ್’ ಎಂಬ ಮಾತಿನೊಂದಿಗೆ. ಈ ಮಾತು ಕಂಡರೆ ಕೊನೆಯ ಸಾಲನ್ನು ಬಿಟ್ಟು ಆವರಣಗಳನ್ನು ಎಣಿಸಲು ಹೊರಡುವುದೇ ಸರಿ. ತೆರೆಯುವಾಗಲೇ ಮುಚ್ಚುವುದನ್ನೂ ಟೈಪ್ ಮಾಡಿ, ಆಮೇಲೆ ನಡುವೆ ಕೋಡ್ ಬರೆದರೆ ಈ ತೊಂದರೆ ಬಹುಪಾಲು ಬರುವುದೇ ಇಲ್ಲ.

ಕಂಪೈಲರೇ ಸರಿಮಾಡಿಕೊಳ್ಳಬಾರದೇ?

‘ಸೆಮಿಕೋಲನ್ ಬೇಕೆಂದು ಗೊತ್ತಿದ್ದರೆ ತಾನೇ ಹಾಕಿಕೊಳ್ಳಬಹುದಲ್ಲ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ವಿದ್ಯಾರ್ಥಿಗಳಿಗೆಂದೇ ರೂಪಿಸಿದ್ದ ಪಿಎಲ್/ಸಿ ಎಂಬ ಕಂಪೈಲರ್ ಇದನ್ನೇ ಮಾಡುತ್ತಿತ್ತು. ತಪ್ಪುಗಳನ್ನು ತಾನೇ ತಿದ್ದಿ, ಹೇಗಾದರೂ ಪ್ರೋಗ್ರಾಮ್ ನಡೆಸಲು ಯತ್ನಿಸುತ್ತಿತ್ತು. ಪಂಚ್ ಕಾರ್ಡುಗಳ ಕಟ್ಟು ಕೊಟ್ಟು ಫಲಿತಾಂಶಕ್ಕಾಗಿ ಕಾಯಬೇಕಿದ್ದ ಆ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಆದರೆ ಊಹೆ ಯಾವಾಗಲೂ ಸರಿಯಾಗಿರುವುದಿಲ್ಲ. ಎರಡು ಸಂಖ್ಯೆಗಳ ನಡುವೆ ಚಿಹ್ನೆ ಬಿಟ್ಟುಹೋಗಿದ್ದರೆ ಅಲ್ಲಿ ಕೂಡಬೇಕಿತ್ತೋ ಗುಣಿಸಬೇಕಿತ್ತೋ ಎಂದು ಯಂತ್ರ ಹೇಗೆ ಹೇಳೀತು? ತಪ್ಪು ಉತ್ತರ ಕೊಡುವುದಕ್ಕಿಂತ ನಿಂತು ಕೇಳುವುದೇ ಮೇಲು ಎಂಬುದು ಇಂದಿನ ಕಂಪೈಲರ್‌ಗಳ ನಿಲುವು. ನಮಗೂ ಅದೇ ಸರಿ ಎನಿಸುತ್ತದೆ.

ನಕಲು ಮಾಡಿದ್ದು ಸರಿಯಿದ್ದರೂ ಎರರ್ ಏಕೆ?

ಪಿಡಿಎಫ್ ನೋಟ್ಸ್‌ನಿಂದಲೋ ವರ್ಡ್ ಕಡತದಿಂದಲೋ ಕಾಪಿ ಮಾಡಿದ ಕೋಡ್‌ಗೆ ‘ಸ್ಟ್ರೇ \342’ ಎಂಬ ಎರರ್ ಬರುವುದುಂಟು. ಸ್ಟ್ರೇ ಎಂದರೆ ಇಲ್ಲಿ ‘ಎಲ್ಲಿಂದಲೋ ನುಸುಳಿದ ಅಕ್ಷರ’. ವರ್ಡ್‌ನಂತಹ ತಂತ್ರಾಂಶಗಳು ಅಂದಕ್ಕಾಗಿ ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ ಬದಲಿಸುತ್ತವೆ. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರ್‌ಗೆ ಬಾಗಿದ ಚಿಹ್ನೆ ಮೂರು ಬೈಟ್‌ಗಳ ಬೇರೆಯದೇ ಅಕ್ಷರ. ಅದರ ಮೊದಲ ಬೈಟನ್ನು ಅಷ್ಟಮಾನ ಪದ್ಧತಿಯಲ್ಲಿ ಬರೆದರೆ 342. ಹಳೆಯ ಜಿಸಿಸಿ ಆವೃತ್ತಿಗಳು ಒಂದೊಂದು ಬೈಟಿಗೂ ಒಂದೊಂದು ಎರರ್ ಕೊಡುವುದರಿಂದ ಒಂದೇ ಪ್ರಿಂಟ್‌ಎಫ್ ಸಾಲು ಆರು ಎರರ್‌ಗಳನ್ನು ಹುಟ್ಟಿಸಬಲ್ಲದು. ಚಿಹ್ನೆಗಳನ್ನು ಅಳಿಸಿ ಕೈಯಿಂದ ಟೈಪ್ ಮಾಡಿದರೆ ಸಾಕು. ಅಂದಹಾಗೆ, ಕೋಡ್‌ನಲ್ಲಿ ಕನ್ನಡ ಬಂದರೆ ಎರರ್ ಖಚಿತ ಎಂಬ ನಂಬಿಕೆ ಸರಿಯಲ್ಲ. ಉದ್ಧರಣ ಚಿಹ್ನೆಗಳ ಒಳಗೆ ಹಾಗೂ ಟಿಪ್ಪಣಿಗಳಲ್ಲಿ ಕನ್ನಡ ಬರೆಯಲು ಅಡ್ಡಿಯಿಲ್ಲ.

ಇನ್ನೊಂದು ಗೊಂದಲ ಹಳೆಯ ನೋಟ್ಸ್‌ಗಳದ್ದು. ಟರ್ಬೋ ಸಿ ಕಾಲದ ಪುಸ್ತಕಗಳ ಪ್ರೋಗ್ರಾಮ್‌ಗಳು ‘ಕೋನಿಯೋ.ಎಚ್’ ಎಂಬ ಹೆಡರ್ ಕಡತ, ತೆರೆ ಒರೆಸುವ ‘ಸಿಎಲ್‌ಆರ್‌ಎಸ್‌ಸಿಆರ್’ ಇಲ್ಲದೆ ಶುರುವಾಗುವುದೇ ಇಲ್ಲ. ಇವು ಡಾಸ್ ಕಾಲದ ಕಂಪೈಲರ್‌ಗಳ ಸವಲತ್ತುಗಳು, ಸಿ ಭಾಷೆಯ ಭಾಗವಲ್ಲ. ಲಿನಕ್ಸ್‌ನಲ್ಲಿ ಜಿಸಿಸಿ ‘ನೋ ಸಚ್ ಫೈಲ್’ ಎಂದು ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತದೆ. ಆ ಸಾಲುಗಳನ್ನು ತೆಗೆದುಹಾಕಿದರೆ ಅಂಕಗಳ ಮೊತ್ತಕ್ಕೇನೂ ನಷ್ಟವಿಲ್ಲ.

ಲ್ಯಾಬ್‌ನಲ್ಲಿ ಓಡಿದ ಪ್ರೋಗ್ರಾಮ್ ಮನೆಯ ಲ್ಯಾಪ್‌ಟಾಪ್‌ನಲ್ಲಿ ಓಡದಿರುವುದೂ ಉಂಟು. ಸಂಬಂಧಪಟ್ಟ ಹೆಡರ್ ಸೇರಿಸದೆ ಫಂಕ್ಷನ್ ಬಳಸಿದರೆ ಹಳೆಯ ಜಿಸಿಸಿ ‘ಇಂಪ್ಲಿಸಿಟ್ ಡಿಕ್ಲರೇಶನ್’ ಎಂದು ಎಚ್ಚರಿಕೆಯನ್ನಷ್ಟೇ ಕೊಡುತ್ತಿತ್ತು. 2024ರಲ್ಲಿ ಬಂದ 14ನೆಯ ಆವೃತ್ತಿಯಿಂದ ಅದು ಎರರ್ ಆಗಿದೆ.

‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂಬ ಸಂದೇಶ ಬಂದರೆ ಮಾತ್ರ ವಿಷಯ ಬೇರೆ. ವ್ಯಾಕರಣ ತಪಾಸಣೆ ಮುಗಿದಿದೆ, ತುಂಡುಗಳನ್ನು ಜೋಡಿಸುವ ಲಿಂಕರ್ ಯಾವುದೋ ಫಂಕ್ಷನ್ ಸಿಗದೆ ನಿಂತಿದೆ ಎಂದರ್ಥ. ಮೇನ್ ಎಂಬುದರ ಸ್ಪೆಲಿಂಗ್ ತಪ್ಪಿದ್ದರೆ ಹೀಗಾಗುತ್ತದೆ. ಲಿನಕ್ಸ್‌ನಲ್ಲಿ ವರ್ಗಮೂಲದ ಫಂಕ್ಷನ್ ಬಳಸಿ, ಆಜ್ಞೆಯ ಕೊನೆಗೆ ‘-ಎಲ್‌ಎಮ್’ ಸೇರಿಸಲು ಮರೆತಾಗಲೂ ಅಷ್ಟೇ.

ಸಹಾಯ ಮಾಡುವವರು ಏನು ಮಾಡಬೇಕು?

ಎರರ್ ಓದಲು ಕಷ್ಟವಾಗುವುದು ಇಂಗ್ಲಿಷ್ ಬಾರದವರಿಗೆ ಮಾತ್ರ ಎಂದುಕೊಳ್ಳಬೇಕಿಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಜಾವಾ ಕೋಡ್ ತಿದ್ದುತ್ತಿದ್ದ 56 ವಿದ್ಯಾರ್ಥಿಗಳ ಕಣ್ಣಿನ ಚಲನೆಯನ್ನು ದಾಖಲಿಸಲಾಗಿತ್ತು. ಎರರ್ ಸಂದೇಶ ಓದುವುದು ಕೋಡ್ ಓದುವಷ್ಟೇ ಕಷ್ಟ ಎಂದು ಅಲ್ಲಿ ಕಂಡುಬಂತು. ಕೆಲಸದ ಶೇ. 13ರಿಂದ 25ರಷ್ಟು ಭಾಗ ಸಂದೇಶಗಳನ್ನು ಓದುವುದಕ್ಕೇ ಹೋಗಿತ್ತು. ಇವರೆಲ್ಲ ಸಾಫ್ಟ್‌ವೇರ್ ಎಂಜಿನಿಯರಿಂಗ್ ಓದುತ್ತಿದ್ದವರು ಎಂಬುದನ್ನು ಗಮನಿಸಬೇಕು.

ಸಂದೇಶಗಳ ಶಬ್ದಭಂಡಾರ ಮಾತ್ರ ಬಹಳ ಚಿಕ್ಕದು. ‘ಎಕ್ಸ್‌ಪೆಕ್ಟೆಡ್ – ಬಿಫೋರ್’ ಎಂದರೆ ‘ಇದು ಬರುವ ಮೊದಲು ಅದು ಇರಬೇಕಿತ್ತು’. ‘ಅನ್‌ಡಿಕ್ಲೇರ್ಡ್’ ಎಂದರೆ ‘ಈ ಹೆಸರು ನನಗೆ ಗೊತ್ತಿಲ್ಲ’. ಕಾರಣ ಸ್ಪೆಲಿಂಗ್, ದೊಡ್ಡಕ್ಷರ-ಸಣ್ಣಕ್ಷರಗಳ ವ್ಯತ್ಯಾಸ, ಇಲ್ಲವೇ ಮೇಲೆ ನೋಡಿದ ಸರಣಿ. ಇಂತಹ ಏಳೆಂಟು ಮಾತುಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಿ ಲ್ಯಾಬ್ ರೆಕಾರ್ಡಿನ ಹಿಂದಿನ ಪುಟದಲ್ಲಿ ಬರೆಸಿದರೆ ಮೊದಲ ಸೆಮಿಸ್ಟರ್‌ನ ಮಟ್ಟಿಗೆ ಅದೇ ದೊಡ್ಡ ಉಪಕಾರ.

ಪಕ್ಕದಲ್ಲಿ ಕೂತ ಸೀನಿಯರ್ ಕೀಬೋರ್ಡ್ ಎಳೆದುಕೊಂಡು ಎರಡು ಸೆಕೆಂಡಿನಲ್ಲಿ ಸೆಮಿಕೋಲನ್ ಹಾಕಿಬಿಟ್ಟರೆ ಪ್ರೋಗ್ರಾಮ್ ಓಡುತ್ತದೆ, ವಿದ್ಯಾರ್ಥಿ ಇದ್ದಲ್ಲೇ ಇರುತ್ತಾರೆ. ಎಐ ಚಾಟ್‌ಬಾಟ್‌ಗೆ ಇಡೀ ಕೋಡ್ ಕೊಟ್ಟು ತಿದ್ದಿಸಿಕೊಂಡಾಗಲೂ ಆಗುವುದು ಇದೇ. ಲ್ಯಾಬ್ ಪರೀಕ್ಷೆಯಲ್ಲಿ ಅದು ಪಕ್ಕದಲ್ಲಿರುವುದಿಲ್ಲ. ಬದಲಿಗೆ ಮೊದಲ ಎರರನ್ನು ಜೋರಾಗಿ ಓದಲು ಹೇಳಿ, ‘ಯಾವ ಸಾಲು? ಅದರ ಹಿಂದಿನ ಸಾಲು ಹೇಗೆ ಮುಗಿದಿದೆ?’ ಎಂದು ಕೇಳಿ, ಕಾಯಬೇಕು. ಸಹಾಯ ಕೇಳುವವರೂ ಅಷ್ಟೇ: ‘ಸರ್, ಬರ್ತಾ ಇಲ್ಲ’ ಎನ್ನುವುದಕ್ಕಿಂತ ಮೊದಲ ಎರರ್‌ನ ಪೂರ್ತಿ ಸಾಲು, ಆ ಜಾಗದ ಕೋಡ್ ಹಾಗೂ ಕೊನೆಯದಾಗಿ ಏನು ಬದಲಿಸಿದಿರಿ ಎಂಬುದನ್ನು ತೋರಿಸಿದರೆ ಉತ್ತರ ಬೇಗ ಸಿಗುತ್ತದೆ. ಐದಾರು ಸಾಲು ಬರೆದಾಗಲೊಮ್ಮೆ ಕಂಪೈಲ್ ಮಾಡುತ್ತಾ ಹೋದರೆ ಹುಡುಕಬೇಕಾದ ಜಾಗವೂ ಐದಾರು ಸಾಲಿಗೇ ಸೀಮಿತ.

ಎರರ್ ಇಲ್ಲ ಎಂದಮಾತ್ರಕ್ಕೆ ಉತ್ತರ ಸರಿಯೆಂದೂ ಅಲ್ಲ. ಇಫ್ ಒಳಗೆ == ಬದಲು = ಬರೆದರೆ ಸಿ ವ್ಯಾಕರಣ ಅದನ್ನು ಒಪ್ಪುತ್ತದೆ; ಫೇಲಾದವರೂ ಪಾಸಾಗಿಬಿಡಬಹುದು. ಇಂತಹ ಕಡೆ ಎಚ್ಚರಿಸು ಎಂದು ಜಿಸಿಸಿಗೆ ಹೇಳಲು ‘-ಡಬ್ಲ್ಯೂಆಲ್’ ಎಂಬ ಸೂಚನೆಯಿದೆ, ಅದರಲ್ಲಿ ಡಬ್ಲ್ಯೂ ದೊಡ್ಡಕ್ಷರ. ಕಲಿಯುವ ಮೊದಲ ದಿನದಿಂದಲೇ ಕಂಪೈಲ್ ಆಜ್ಞೆಗೆ ಅದನ್ನು ಸೇರಿಸಿಕೊಳ್ಳಬಹುದು.